41ನೆಯವರು ಹೋದ ಮೇಲೆ

ಅವರು ನಮ್ಮ ಕಂಪನಿ ಸೇರಿದ 41ನೆಯ ಉದ್ಯೋಗಿ. 11 ವಾರ ಕೆಲಸ ಮಾಡಿ ರಾಜೀನಾಮೆ ಕೊಟ್ಟರು. ಕೊನೆಯ ದಿನ ಲ್ಯಾಪ್‌ಟಾಪ್ ಹಿಂದಿರುಗಿಸಲು ನನ್ನ ಬಳಿ ಬಂದಾಗ ‘ಯಾಕೆ ಹೋಗುತ್ತಿದ್ದೀರಿ?’ ಎಂದು ಕೇಳಿದೆ. ಹಾಗೆ ಕೇಳುವ ಪದ್ಧತಿಯೇನೂ ಆಗ ನಮ್ಮಲ್ಲಿ ಇರಲಿಲ್ಲ. ಕೆಲಸ ಬಲ್ಲವರು ಎಂದು ನನಗೆ ಗೊತ್ತಿದ್ದುದರಿಂದ ಕೇಳದೆ ಇರಲು ಮನಸ್ಸು ಬರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಇಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿದೆ. ಗೊತ್ತಿಲ್ಲದವರಿಗೆ ಹೇಳುವವರು ಮಾತ್ರ ಯಾರೂ ಇಲ್ಲ.’

ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದರು. ಸೇರಿದ ದಿನ ಅವರು ಬರುವುದು ತಂಡದ ಅರ್ಧ ಜನಕ್ಕೆ ತಿಳಿದಿರಲಿಲ್ಲ. ಲ್ಯಾಪ್‌ಟಾಪ್ ಸಿಕ್ಕಿದ್ದು ನಾಲ್ಕನೆಯ ದಿನ. ತಮ್ಮ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂಬುದಕ್ಕೆ ಇಬ್ಬರಿಂದ ಎರಡು ಉತ್ತರ ಬಂದಿತ್ತು. ರಜೆ ಬೇಕಿದ್ದರೆ ತಂಡದ ಹರಟೆ ಗುಂಪಿನಲ್ಲಿ ಬರೆದರೆ ಸಾಕು ಎಂಬುದು ಆರನೆಯ ವಾರ ಗೊತ್ತಾಯಿತು. ಅಲ್ಲಿಯವರೆಗೆ ಕೇಳಲು ಅಂಜಿ ಜ್ವರದಲ್ಲೂ ಕೆಲಸ ಮಾಡಿದ್ದರು. ಅದೇ ತಿಂಗಳು ಅದೇ ಕೆಲಸಕ್ಕೆ ಸೇರಿದ ಇನ್ನೊಬ್ಬರಿಗೆ ತಮಗಿಂತ ಗಣನೀಯವಾಗಿ ಹೆಚ್ಚು ಸಂಬಳ ಎಂಬುದು ಮಾತಿನ ನಡುವೆ ಕಿವಿಗೆ ಬಿದ್ದಿತ್ತು. ‘ಅವರು ಚೌಕಾಸಿ ಮಾಡಿದರಂತೆ. ಮಾಡಬಹುದು ಎಂದೇ ನನಗೆ ತಿಳಿದಿರಲಿಲ್ಲ’ ಎಂದರು. ದೂರುವ ದನಿಯೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ನಮ್ಮದು ಗೋದಾಮುಗಳ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ತಯಾರಿಸುವ ಕಂಪನಿ. ನಾನು ಸೇರಿದಾಗ 12 ಜನ ಇದ್ದೆವು. ಬಿಲ್ಲು, ಬಾಡಿಗೆ, ಸಂಬಳ, ಕುರ್ಚಿ ಮೇಜುಗಳ ಖರೀದಿ ಹೀಗೆ ಯಾರ ಪಾಲಿಗೂ ಬಾರದ ಕೆಲಸವೆಲ್ಲ ನನ್ನದು. ಒಂದೇ ಕೋಣೆ. ಒಬ್ಬರು ಫೋನಿನಲ್ಲಿ ಗ್ರಾಹಕರ ಜೊತೆ ಜಗಳವಾಡಿದರೆ ಉಳಿದ 11 ಜನಕ್ಕೂ ಜಗಳದ ಕಾರಣ ತಿಳಿಯುತ್ತಿತ್ತು. ಅಲ್ಲಿ ನಿಯಮಗಳ ಅಗತ್ಯವೇ ಇರಲಿಲ್ಲ, ಏಕೆಂದರೆ ಕಿವಿಯೇ ನಿಯಮಪುಸ್ತಕವಾಗಿತ್ತು. ಆ ದಿನಗಳ ಬಗ್ಗೆ ನನಗೆ ಈಗಲೂ ಪ್ರೀತಿ ಇದೆ. ಆದರೆ ಮುಂದಿನ ಮೂರು ವರ್ಷಗಳಲ್ಲಿ ನಾವು 160 ದಾಟಿದೆವು, ಮತ್ತು ಕಿವಿಯ ಅಳತೆ ಒಂದು ಕೋಣೆಗಿಂತ ದೊಡ್ಡದಲ್ಲ.

41ನೆಯವರು ಹೋದ ವಾರ ನಾನು ಸಂಸ್ಥಾಪಕರ ಬಳಿ ಹೋಗಿ, ಉದ್ಯೋಗಿಗಳಿಗೆ ಸಂಬಂಧಿಸಿದ ವಿಷಯಗಳನ್ನು ಕಾಗದಕ್ಕೆ ಇಳಿಸಬೇಕು ಎಂದೆ. ಅವರ ಉತ್ತರ ತಕ್ಷಣ ಬಂತು: ‘ದೊಡ್ಡ ಕಂಪನಿಯ ನಿಯಮಗಳನ್ನು ಬಿಟ್ಟು ಬಂದವರು ನಾವು. ನಿಯಮ ಬಂದ ದಿನ ನಮ್ಮ ವೇಗ ಹೋಗುತ್ತದೆ.’ ಅವರ ಭಯ ಸುಳ್ಳಲ್ಲ. ಹಿಂದೆ ಅವರು ಕೆಲಸ ಮಾಡಿದ ಕಡೆ ಒಂದು ಪ್ರಿಂಟರ್ ಕೊಳ್ಳಲು ಐದು ಸಹಿ ಬೇಕಾಗುತ್ತಿತ್ತಂತೆ. ನನ್ನ ಬಳಿ ಅವರಿಗೆ ಮರುಮಾತು ಇರಲಿಲ್ಲ. ಹಾಗಾಗಿ ವಾದಿಸದೆ, ಅವರ ಒಂದು ತಿಂಗಳ ಕ್ಯಾಲೆಂಡರ್ ಕೊಡುವಂತೆ ಕೇಳಿದೆ.

ಆ ಕ್ಯಾಲೆಂಡರ್ ನೋಡುತ್ತಾ ಕುಳಿತ ಸಂಜೆ ನನಗೆ ಎಲ್ಲವೂ ಸ್ಪಷ್ಟವಾಯಿತು. ತಿಂಗಳ ಅರ್ಧಕ್ಕಿಂತ ಹೆಚ್ಚು ಹೊತ್ತು ಅವರು ಸಂದರ್ಶನ, ಸಂಬಳದ ಮಾತುಕತೆ, ಯಾರು ಯಾರ ಕೆಳಗೆ ಎಂಬ ತಕರಾರು, ರಜೆ, ಮನಸ್ತಾಪ ಇವುಗಳಲ್ಲೇ ಕಳೆದಿದ್ದರು. ಬಹುತೇಕ ಪ್ರಶ್ನೆಗಳು ಹಳೆಯವೇ. ಕೇಳುವವರು ಮಾತ್ರ ಹೊಸಬರು. ವೇಗ ಆಗಲೇ ಹೋಗಿತ್ತು. ಹೋಗಿದ್ದು ನಿಯಮ ಬಂದದ್ದರಿಂದಲ್ಲ, ಒಬ್ಬರ ತಲೆಯೇ ಇಡೀ ಕಂಪನಿಯ ಕಡತವಾಗಿದ್ದರಿಂದ.

ಅರ್ಥಶಾಸ್ತ್ರಜ್ಞೆ ಎಡಿತ್ ಪೆನ್‌ರೋಸ್ 1959ರಲ್ಲಿಯೇ ಇದನ್ನು ಹೇಳಿದ್ದರು ಎಂದು ಆಮೇಲೆ ಓದಿ ತಿಳಿದೆ. ಒಂದು ಕಂಪನಿ ಎಷ್ಟು ಬೇಗ ಬೆಳೆಯಬಲ್ಲದು ಎಂಬುದನ್ನು ಕೊನೆಗೆ ನಿರ್ಧರಿಸುವುದು ಹಣವಲ್ಲ, ಈಗಾಗಲೇ ಒಳಗಿರುವ ನಿರ್ವಾಹಕರ ಸಮಯ. ಹೊಸಬರನ್ನು ಕರೆತಂದು ತಿದ್ದಿ ತೀಡುವ ಕೆಲಸವನ್ನು ಒಳಗಿನವರೇ ಮಾಡಬೇಕು; ಅದನ್ನು ಹೊರಗಿನಿಂದ ಕೊಳ್ಳಲಾಗದು. ನಿರ್ವಹಣಾ ಶಾಸ್ತ್ರದ ವಿದ್ವಾಂಸ ಲ್ಯಾರಿ ಗ್ರೈನರ್ ಅವರು 1972ರಲ್ಲಿ ಬರೆದ ಲೇಖನವೂ ಆಗ ಕಣ್ಣಿಗೆ ಬಿತ್ತು. ಬೆಳೆಯುವ ಸಂಸ್ಥೆ ಎದುರಿಸುವ ಮೊದಲ ಬಿಕ್ಕಟ್ಟು ನಾಯಕತ್ವದ್ದು: ಕಟ್ಟಿದವರ ಉತ್ಸಾಹವೊಂದರಿಂದಲೇ ಮನೆ ನಡೆಯದಾಗುವ ಘಟ್ಟ. ಮುಂದಿನ ಬಿಕ್ಕಟ್ಟುಗಳಲ್ಲಿ ಒಂದು ಕಾಗದಪತ್ರಗಳದ್ದೇ ಎಂದೂ ಅವರು ಎಚ್ಚರಿಸಿದ್ದರು. ಸಂಸ್ಥಾಪಕರ ಭಯ ಮತ್ತು ನನ್ನ ಆತಂಕ ಎರಡಕ್ಕೂ ಅದರಲ್ಲಿ ಜಾಗವಿತ್ತು.

ಕ್ಯಾಲೆಂಡರಿನಲ್ಲಿ ಇಂಥ ತಕರಾರುಗಳಿಗೆ ಹೋದ ಹೊತ್ತಿಗೆಲ್ಲ ಬಣ್ಣ ಹಚ್ಚಿ ಸಂಸ್ಥಾಪಕರ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿ, ‘ಸರಿ, ಶುರು ಮಾಡಿ’ ಎಂದರು.

ನಾನು ಶುರು ಮಾಡಿದ್ದು ತಪ್ಪಾದ ತುದಿಯಿಂದ.

ಎಚ್‌ಆರ್ (ಮಾನವ ಸಂಪನ್ಮೂಲ) ಎಂದರೆ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಎಂಬ ಕಲ್ಪನೆ ನನ್ನ ತಲೆಯಲ್ಲಿ ಹೇಗೋ ಕುಳಿತಿತ್ತು. ಪರಿಚಯದವರೊಬ್ಬರಿಂದ ದೊಡ್ಡ ಕಂಪನಿಯೊಂದರ ವಾರ್ಷಿಕ ಮೌಲ್ಯಮಾಪನದ ನಮೂನೆ ಸಿಕ್ಕಿತು. 14 ಅಂಕಣ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ, ಕೊನೆಗೆ ಒಟ್ಟು ಶ್ರೇಣಿ. ಇಷ್ಟು ಶೇಕಡಾ ಜನ ಮೇಲಿನ ಶ್ರೇಣಿಯಲ್ಲಿ, ಇಷ್ಟು ಜನ ಕೆಳಗಿನದರಲ್ಲಿ ಇರಲೇಬೇಕು ಎಂಬ ನಿಯಮವೂ ಅದರ ಜೊತೆ ಬಂತು. ಆಗ ನಾವು 60ರ ಆಸುಪಾಸು ಇದ್ದೆವು. ಮೂರು ವಾರ ಎಲ್ಲ ಮ್ಯಾನೇಜರ್‌ಗಳೂ ನಮೂನೆ ತುಂಬಿದರು. ಫಲಿತಾಂಶದ ಪತ್ರಗಳು ಒಂದೇ ಶುಕ್ರವಾರ ಎಲ್ಲರ ಕೈ ಸೇರಿದವು.

ಸೋಮವಾರ ಬೆಳಿಗ್ಗೆ ಕಚೇರಿಯ ಗಾಳಿಯೇ ಬದಲಾಗಿತ್ತು. ಹಿಂದಿನ ವಾರ ರಾತ್ರಿಯೆಲ್ಲ ಕುಳಿತು ದೋಷ ಸರಿಪಡಿಸಿದ್ದ ಎಂಜಿನಿಯರ್ ಒಬ್ಬರು ನನ್ನ ಮೇಜಿನ ಬಳಿ ಬಂದು ಪತ್ರ ಇಟ್ಟು ಕೇಳಿದರು: ‘ಮೂರು ಅಂಕ ಎಂದರೆ ಏನು? ನಾನು ನಾಳೆ ಯಾವುದನ್ನು ಬೇರೆ ರೀತಿ ಮಾಡಬೇಕು?’ ಅವರ ಮ್ಯಾನೇಜರ್ ಬಳಿಯೂ ಉತ್ತರ ಇರಲಿಲ್ಲ. ಅವರ ತಂಡದಲ್ಲಿ ಯಾರಾದರೂ ಕೆಳಗೆ ಬರಲೇಬೇಕಾಗಿದ್ದರಿಂದ ಇವರನ್ನು ಇಳಿಸಲಾಗಿತ್ತು. ಅಂಕಗಳನ್ನೆಲ್ಲ ಒಟ್ಟಿಗೆ ಹರಡಿ ನೋಡಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಒಬ್ಬ ಮ್ಯಾನೇಜರ್ ಎಲ್ಲರಿಗೂ 4 ಅಥವಾ 5 ಕೊಟ್ಟು, ಆಮೇಲೆ ಕಡ್ಡಾಯದ ಶೇಕಡಾವಾರಿಗಾಗಿ ಮನಸ್ಸಿಲ್ಲದೆ ಕತ್ತರಿ ಆಡಿಸಿದ್ದರು. ಇನ್ನೊಬ್ಬರು ಯಾರಿಗೂ 3ರ ಮೇಲೆ ಕೊಟ್ಟಿರಲಿಲ್ಲ. ನಾನು ಉದ್ಯೋಗಿಗಳನ್ನು ಅಳೆದೆ ಎಂದುಕೊಂಡಿದ್ದೆ. ಅಳೆದದ್ದು ಮ್ಯಾನೇಜರ್‌ಗಳ ಸ್ವಭಾವವನ್ನು.

ಇದು ನಮ್ಮೊಬ್ಬರ ಅನುಭವವಲ್ಲ. ಸ್ಟೀವನ್ ಸ್ಕಲ್ಲನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ಸಾವಿರಕ್ಕೂ ಹೆಚ್ಚು ಮ್ಯಾನೇಜರ್‌ಗಳಿಗೆ ಸಿಕ್ಕಿದ ಅಂಕಗಳಲ್ಲಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ವೈಯಕ್ತಿಕ ಒಲವಿನಿಂದ ಬಂದದ್ದು ಎಂದು ಕಂಡುಬಂದಿತ್ತು. ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ 1996ರಲ್ಲಿ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರಿಗೆ ಅವರ ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದ ಪ್ರಸಂಗಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಕೆಲಸ ಸುಧಾರಿಸುವ ಬದಲು ಕುಸಿದಿತ್ತು. ಕಡ್ಡಾಯ ಶ್ರೇಣಿಯ ಪದ್ಧತಿಯನ್ನು ಮೈಕ್ರೋಸಾಫ್ಟ್‌ನಂಥ ಕಂಪನಿಯೇ 2013ರಲ್ಲಿ ಕೈಬಿಟ್ಟಿತ್ತು. ಇವನ್ನೆಲ್ಲ ನಾನು ಓದಿದ್ದು ಪತ್ರ ಹಂಚಿದ ನಂತರ. ಆ ಎಂಜಿನಿಯರ್ ಎರಡು ತಿಂಗಳಲ್ಲಿ ಬಿಟ್ಟು ಹೋದರು. ಅದಕ್ಕೆ ನಾನೇ ಹೊಣೆ ಎಂದು ಇವತ್ತಿಗೂ ನಂಬಿದ್ದೇನೆ.

ಆ ನಮೂನೆಯನ್ನು ಪಕ್ಕಕ್ಕಿಟ್ಟು, ಸಿಬ್ಬಂದಿಯ ಮುಂದೆ ನಿಂತು, ಇದು ನನ್ನ ತಪ್ಪು, ಈ ಅಂಕಗಳ ಮೇಲೆ ಯಾರ ಸಂಬಳವೂ ನಿರ್ಧಾರವಾಗುವುದಿಲ್ಲ ಎಂದು ಹೇಳಿದೆ. ಮತ್ತೆ ಮೊದಲಿನಿಂದ ಯೋಚಿಸಿದೆ. 41ನೆಯವರು ಹೇಳಿದ್ದರಲ್ಲಿ ಮೌಲ್ಯಮಾಪನದ ಮಾತೇ ಇರಲಿಲ್ಲ. ಅವರು ಹೇಳಿದ್ದು ಸೇರುವ ದಿನದ ಬಗ್ಗೆ, ಯಾರನ್ನು ಕೇಳಬೇಕು ಎಂಬುದರ ಬಗ್ಗೆ, ಸಂಬಳದ ಬಗ್ಗೆ. ಅವರ ದೂರಿನ ಕ್ರಮವೇ ನನ್ನ ಕೆಲಸದ ಕ್ರಮವಾಗಬೇಕಿತ್ತು.

ನೇಮಕಾತಿಯಿಂದ ಆರಂಭಿಸಿದೆವು. ಅಲ್ಲಿಯವರೆಗಿನ ನಮ್ಮ ಸಂದರ್ಶನಗಳು ಹೇಗಿದ್ದವು ಎಂದರೆ, ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಅಭ್ಯರ್ಥಿಯ ಜೊತೆ ತಮಗೆ ತೋಚಿದ್ದನ್ನು ಮಾತಾಡುತ್ತಿದ್ದರು. ಕೊನೆಗೆ ಒಂದೆಡೆ ಸೇರಿದಾಗ ಹಿರಿಯರು ಮೊದಲು ಬಾಯಿ ತೆರೆಯುತ್ತಿದ್ದರು. ಉಳಿದವರ ಅಭಿಪ್ರಾಯ ಆ ಕಡೆಗೇ ವಾಲುತ್ತಿತ್ತು. ‘ನಮಗೆ ಹೊಂದುತ್ತಾರೆ’ ಎಂಬುದು ನಮ್ಮ ಅತಿ ದೊಡ್ಡ ಅರ್ಹತೆ. ಆ ಮಾತಿನ ನಿಜವಾದ ಅರ್ಥ ‘ನಮ್ಮಂತೆಯೇ ಮಾತಾಡುತ್ತಾರೆ’ ಎಂದು.

ಹೊಸ ಕ್ರಮದಲ್ಲಿ ಮೊದಲ ಕೆಲಸ, ಆ ಹುದ್ದೆಗೆ ಬರುವವರು ಮೊದಲ ಆರು ತಿಂಗಳಲ್ಲಿ ಏನು ಮಾಡಿ ಮುಗಿಸಬೇಕು ಎಂದು ಒಂದು ಪುಟ ಬರೆಯುವುದು. ಇದು ಕೇಳಲು ಸುಲಭ. ಆದರೆ ಮೊದಲ ಸಲ ಬರೆಯಲು ಕುಳಿತ ಮೂವರು ಮ್ಯಾನೇಜರ್‌ಗಳಲ್ಲಿ ಒಬ್ಬರು, ‘ಈ ಹುದ್ದೆಯೇ ನಮಗೆ ಬೇಡ’ ಎಂದು ಎದ್ದುಬಂದರು. ಬರೆಯುವಾಗ ಅವರಿಗೆ ತಿಳಿದದ್ದು, ಕೊರತೆ ಇದ್ದುದು ಜನರದ್ದಲ್ಲ, ಎರಡು ತಂಡಗಳ ನಡುವೆ ಕೆಲಸ ಹಂಚಿದ ರೀತಿಯದ್ದು. ಆ ಒಂದು ಪುಟ ಒಂದು ವರ್ಷದ ಸಂಬಳ ಉಳಿಸಿತು. ಅದಕ್ಕಿಂತ ಹೆಚ್ಚಾಗಿ, ಕೆಲಸವೇ ಇಲ್ಲದ ಕುರ್ಚಿಗೆ ಒಬ್ಬರು ಬಂದು ಕೂರುವ ಸಂಕಟ ತಪ್ಪಿಸಿತು.

ಆ ಪುಟದಿಂದ ಪ್ರಶ್ನೆಗಳು ಹುಟ್ಟಿದವು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ, ಅದೇ ಕ್ರಮ. ಒಳ್ಳೆಯ ಉತ್ತರ ಹೇಗಿರುತ್ತದೆ, ಸಾಧಾರಣ ಉತ್ತರ ಹೇಗಿರುತ್ತದೆ ಎಂದು ಮೊದಲೇ ಬರೆದಿಟ್ಟೆವು. ಜೊತೆಗೆ, ನಿಜವಾದ ಕೆಲಸವನ್ನೇ ಹೋಲುವ ಎರಡು ಗಂಟೆಯ ಒಂದು ಅಭ್ಯಾಸ. ಎಲ್ಲಕ್ಕಿಂತ ಮುಖ್ಯವಾಗಿ, ಸಂದರ್ಶಕರು ಒಬ್ಬರೊಡನೊಬ್ಬರು ಮಾತಾಡುವ ಮೊದಲು ತಂತಮ್ಮ ಅಂಕ ಮತ್ತು ಕಾರಣ ಬರೆದು ಒಪ್ಪಿಸಬೇಕು. ಇದಕ್ಕೆ ಸಂಶೋಧನೆಯ ಬಲವೂ ಇತ್ತು. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಕ್ರಮಬದ್ಧ ಸಂದರ್ಶನ ಮತ್ತು ಕೆಲಸದ ಮಾದರಿ ಪರೀಕ್ಷೆಗಳು ಮುಂದಿನ ಸಾಧನೆಯನ್ನು ಚೆನ್ನಾಗಿ ಸೂಚಿಸುತ್ತವೆ ಎಂದು ತೋರಿಸಿದ್ದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು ಆ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿದರು. ಅನೇಕ ವಿಧಾನಗಳ ಅಂದಾಜು ತಗ್ಗಿತು. ಕ್ರಮಬದ್ಧ ಸಂದರ್ಶನ ಪಟ್ಟಿಯ ಮೇಲ್ತುದಿಗೆ ಬಂದು ನಿಂತಿತು.

ಸಂಸ್ಥಾಪಕರು ಪಾಲ್ಗೊಂಡ ಮೊದಲ ಹೊಸ ರೀತಿಯ ಸಂದರ್ಶನ ನನಗೆ ಚೆನ್ನಾಗಿ ನೆನಪಿದೆ. ಇಬ್ಬರು ಅಭ್ಯರ್ಥಿಗಳು. ಒಬ್ಬರು ಮಾತಿನ ಮಲ್ಲ, ಸಂಸ್ಥಾಪಕರಿಗೆ ಮೊದಲ ಹತ್ತು ನಿಮಿಷದಲ್ಲೇ ಮೆಚ್ಚುಗೆಯಾದವರು. ಇನ್ನೊಬ್ಬರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುವವರು. ಅಂಕಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ನಾಲ್ವರಲ್ಲಿ ಮೂವರು ಎರಡನೆಯವರಿಗೆ ಹೆಚ್ಚು ಕೊಟ್ಟಿದ್ದರು. ಅವರ ಎರಡು ಗಂಟೆಯ ಕೆಲಸ, ನಮ್ಮ ಅಭ್ಯಾಸ ಪ್ರಶ್ನೆಯಲ್ಲೇ ಇದ್ದ ಒಂದು ದೋಷವನ್ನು ಹಿಡಿದು ತೋರಿಸಿತ್ತು. ಸಂಸ್ಥಾಪಕರು ತಮ್ಮ ಹಾಳೆಯನ್ನು ನೋಡಿದರು, ಉಳಿದವನ್ನು ನೋಡಿದರು. ‘ನಾನು ಮೊದಲು ಮಾತಾಡಿದ್ದರೆ ನೀವು ಮೂವರೂ ಇದನ್ನು ಹೇಳುತ್ತಿದ್ದಿರಾ?’ ಎಂದು ಕೇಳಿದರು. ತಂಡದ ಅತ್ಯಂತ ಕಿರಿಯ ಸದಸ್ಯೆ ‘ಇಲ್ಲ ಸರ್’ ಎಂದರು. ಅಂದಿನಿಂದ ನಿಯಮಗಳ ಬಗ್ಗೆ ಅವರ ಮಾತಿನ ಧಾಟಿ ಬದಲಾಯಿತು. ಸುಮ್ಮನಿರುತ್ತಿದ್ದ ಆ ಅಭ್ಯರ್ಥಿ ಈಗ ನಮ್ಮ ಅತಿ ದೊಡ್ಡ ತಂಡವೊಂದರ ಬೆನ್ನೆಲುಬು.

ಇನ್ನು ಸೇರುವ ದಿನದ ವಿಷಯ. ಮೊದಲ 90 ದಿನಗಳಿಗಾಗಿ ಒಂದು ಹಾಳೆ ಸಿದ್ಧವಾಯಿತು. ಸೇರುವ ಮುನ್ನವೇ ಲ್ಯಾಪ್‌ಟಾಪ್ ಮತ್ತು ಪಾಸ್‌ವರ್ಡ್‌ಗಳು. ತಂಡದ ಹೊರಗಿನ ಒಬ್ಬ ಜೊತೆಗಾರ. ಮ್ಯಾನೇಜರ್ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ. ಯಾವ ಪ್ರಶ್ನೆಗೆ ಯಾರು ಎಂಬ ಪಟ್ಟಿ. ಮೊದಲ ಕರಡನ್ನು ನಾನು ಬರೆದೆ. ಅದು ಚೆನ್ನಾಗಿರಲಿಲ್ಲ, ಏಕೆಂದರೆ ನಾನೂ ಹಳಬರಲ್ಲಿ ಒಬ್ಬಳು. ಹೊಸಬರಿಗೆ ಏನು ಗೊತ್ತಿರುವುದಿಲ್ಲ ಎಂಬುದು ನನಗೆ ಮರೆತುಹೋಗಿತ್ತು. ಆಗ ಮೂರು ವಾರದ ಹಿಂದಷ್ಟೇ ಸೇರಿದ್ದ ಒಬ್ಬರಿಗೆ ಆ ಕರಡು ಕೊಟ್ಟು, ತಿದ್ದಿಕೊಡಿ ಎಂದೆ. ಅವರು ಅರ್ಧ ಹೊಡೆದುಹಾಕಿ, ನಾನು ಕನಸಿನಲ್ಲೂ ಯೋಚಿಸದ ಸಾಲುಗಳನ್ನು ಸೇರಿಸಿದರು. ‘ಸಭೆಗಳಲ್ಲಿ ಬಳಕೆಯಾಗುವ ಸಂಕ್ಷಿಪ್ತ ಪದಗಳ ಅರ್ಥ’ ಅವುಗಳಲ್ಲಿ ಒಂದು. ನಮ್ಮಲ್ಲಿ ಅಂಥ 37 ಪದಗಳಿದ್ದವು! ಅಂದಿನಿಂದ ಒಂದು ಪದ್ಧತಿ ಉಳಿದುಬಂತು: ಆ ಹಾಳೆಯನ್ನು ತಿದ್ದುವ ಹಕ್ಕು ಇತ್ತೀಚೆಗೆ ಸೇರಿದವರದ್ದು. 90ನೆಯ ದಿನ ಪ್ರತಿಯೊಬ್ಬರೂ ಅದನ್ನು ತಿದ್ದಿ ಮುಂದಿನವರಿಗೆ ಒಪ್ಪಿಸುತ್ತಾರೆ.

ಪಾಲ್ ಆಡ್ಲರ್ ಮತ್ತು ಬ್ರೈಯನ್ ಬೋರಿಸ್ 1996ರಲ್ಲಿ ಬರೆದ ಒಂದು ಪ್ರಬಂಧ ನನ್ನ ಈ ಕೆಲಸಕ್ಕೆ ದಾರಿದೀಪವಾಯಿತು. ಲಿಖಿತ ನಿಯಮಗಳಲ್ಲಿ ಎರಡು ಜಾತಿ ಎಂದು ಅವರು ಹೇಳುತ್ತಾರೆ: ಜನರನ್ನು ಬಗ್ಗಿಸಲು ಬರೆದವು, ಜನರ ಕೆಲಸಕ್ಕೆ ಆಸರೆಯಾಗಲು ಬರೆದವು. ಎರಡನೆಯ ಜಾತಿಯ ನಿಯಮವನ್ನು ಬಳಸುವವರೇ ತಿದ್ದಬಹುದು, ಅದರ ಹಿಂದಿನ ಕಾರಣ ಅವರಿಗೆ ಕಾಣುತ್ತದೆ. ನನ್ನ 14 ಅಂಕಣಗಳ ನಮೂನೆ ಮೊದಲ ಜಾತಿ. 90 ದಿನಗಳ ಹಾಳೆ ಎರಡನೆಯದು. ‘ನಿಯಮ ಬೇಕೇ ಬೇಡವೇ’ ಎಂದು ನಾವು ತಿಂಗಳುಗಟ್ಟಲೆ ವಾದಿಸಿದ್ದೆವು. ‘ಯಾರು ತಿದ್ದಬಹುದು’ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಸಂಬಳದ ವಿಷಯಕ್ಕೆ ಕೈಹಾಕಿದಾಗ ನಾವು 90 ಜನ. ಎಲ್ಲರ ಸಂಬಳವನ್ನೂ ಒಂದೇ ಸ್ಪ್ರೆಡ್‌ಶೀಟ್‌ನಲ್ಲಿ ತಂದು, ಹೆಸರು ಮರೆಮಾಡಿ, ಕೆಲಸದ ಸ್ವರೂಪದ ಪ್ರಕಾರ ಜೋಡಿಸಿದೆ. ಒಂದೇ ಕೆಲಸ, ಒಂದೇ ಅನುಭವ. ಆದರೆ ಸಂಬಳದ ನಡುವೆ ದೊಡ್ಡ ದೊಡ್ಡ ಕಂದರಗಳು. ಕಾರಣ ಹುಡುಕಿದರೆ ಸಿಗುತ್ತಿದ್ದುದು ಎರಡೇ: ಯಾವ ತಿಂಗಳಲ್ಲಿ ಸೇರಿದರು, ಚೌಕಾಸಿ ಮಾಡಿದರೋ ಇಲ್ಲವೋ. ಜನ ಸಿಗದ ತಿಂಗಳಲ್ಲಿ ಅವಸರದಿಂದ ಕರೆತಂದ ಹೊಸಬರು, ಅವರಿಗೆ ಕೆಲಸ ಕಲಿಸುತ್ತಿದ್ದ ಹಳಬರಿಗಿಂತ ಹೆಚ್ಚು ಪಡೆಯುತ್ತಿದ್ದರು. ಚೌಕಾಸಿ ಮಾಡದವರಲ್ಲಿ ಹೆಂಗಸರೇ ಹೆಚ್ಚು. ಯಾರೂ ಬೇಕೆಂದು ಅನ್ಯಾಯ ಮಾಡಿರಲಿಲ್ಲ. ಪ್ರತಿಯೊಂದು ನಿರ್ಧಾರಕ್ಕೂ ಆ ದಿನಕ್ಕೆ ಒಂದು ಸಮರ್ಥನೆ ಇತ್ತು. ಆದರೂ 90 ಸಣ್ಣ ಸಮರ್ಥನೆಗಳು ಸೇರಿದಾಗ ಒಂದು ದೊಡ್ಡ ಅನ್ಯಾಯ ಸಿದ್ಧವಾಗಿತ್ತು. ಬಾಯಿಮಾತಿನ ಆಡಳಿತದ ಅತ್ಯಂತ ಕೆಟ್ಟ ಗುಣ ಇದೇ: ಅದರ ತಪ್ಪುಗಳು ಒಂದೆಡೆ ಸೇರುವವರೆಗೆ ಕಾಣುವುದೇ ಇಲ್ಲ.

ಹಂತಗಳನ್ನು ಗುರುತಿಸಿ, ಪ್ರತಿ ಹಂತಕ್ಕೂ ಒಂದು ವೇತನ ಶ್ರೇಣಿ ಗೊತ್ತುಮಾಡಿ, ಶ್ರೇಣಿಯ ಕೆಳಗಿದ್ದವರನ್ನು ಎರಡು ಕಂತುಗಳಲ್ಲಿ ಮೇಲೆತ್ತಿದೆವು. ಮೇಲಿದ್ದವರ ಸಂಬಳ ಇಳಿಸಲಿಲ್ಲ. ಉಳಿದವರು ಸಮೀಪಿಸುವವರೆಗೆ ಹೆಚ್ಚಳ ನಿಧಾನವಾಯಿತು. ಶ್ರೇಣಿಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆವು. ಇದಕ್ಕೆ ಹಣ ಬೇಕಾಯಿತು, ಹೂಡಿಕೆದಾರರಿಗೆ ವಿವರಣೆ ಬೇಕಾಯಿತು, ಸಂಸ್ಥಾಪಕರ ಕೆಲವು ನಿದ್ದೆಯಿಲ್ಲದ ರಾತ್ರಿಗಳೂ ಬೇಕಾದವು. ಆದರೆ ಹಣಕ್ಕಿಂತ ಹೆಚ್ಚಿನ ಬೆಲೆ ತೆತ್ತದ್ದು ಬೇರೆ ಕಡೆ.

ನಮ್ಮ ಮೊದಲ ಎಂಜಿನಿಯರ್ ಒಬ್ಬರಿದ್ದರು. ಸಂಸ್ಥಾಪಕರ ನಂತರ ಕಂಪನಿಗೆ ಸೇರಿದ ಮೊದಲಿಗರು. ಆರಂಭದ ಸಾಫ್ಟ್‌ವೇರ್‌ನ ಬಹುಪಾಲು ಅವರ ಕೈಯಿಂದಲೇ ಆದದ್ದು. ಹಂತಗಳ ಪಟ್ಟಿ ಬಂದಾಗ ಅವರು ನಾಲ್ಕನೆಯ ಹಂತದಲ್ಲಿದ್ದರು. ಎರಡು ವರ್ಷದ ನಂತರ ಬಂದ ಇಬ್ಬರು ಐದನೆಯದರಲ್ಲಿ. ಕೆಲಸದ ವಿವರಣೆಯ ಪ್ರಕಾರ ಅದು ಸರಿಯಾಗಿತ್ತು. ಅವರು ನನ್ನ ಮುಂದೆ ಕುಳಿತು ಹೇಳಿದರು: ‘ನೀವು ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಈ ಹಾಳೆಯಲ್ಲಿ ನಾನು ಎಲ್ಲೂ ಇಲ್ಲ.’ ಅವರ ಮಾತಿನ ತೂಕ ನನಗೆ ತಿಳಿಯಿತು. ಮೊದಲ ದಿನಗಳಲ್ಲಿ ಹಂತವೇ ಇಲ್ಲದ ಕಡೆ ಅವರಿಗೆ ಒಂದು ಸ್ಥಾನ ಇತ್ತು. ಲಿಖಿತ ವ್ಯವಸ್ಥೆ ಆ ಸ್ಥಾನವನ್ನು ಅಳಿಸಿತ್ತು. ಮ್ಯಾನೇಜರ್ ಆಗದೆಯೂ ಮೇಲೇರಬಹುದಾದ ತಜ್ಞರ ಏಣಿಯೊಂದನ್ನು ಆಮೇಲೆ ಸೇರಿಸಿದೆವು. ಅದು ಅವರ ಮಟ್ಟಿಗೆ ತಡವಾಗಿತ್ತು. ಐದು ತಿಂಗಳ ನಂತರ ಅವರು ಹೊರಟರು, ಮುನಿಸಿಲ್ಲದೆ.

ಜೇಮ್ಸ್ ಬ್ಯಾರನ್ ಮತ್ತು ಮೈಕಲ್ ಹ್ಯಾನನ್ ಅವರ ಕೆಲಸವನ್ನು ನಾನು ಸರಿಯಾಗಿ ಓದಿದ್ದು ಆ ದಿನಗಳಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಅವರು 1990ರ ದಶಕದ ಮಧ್ಯದಿಂದ ಸಿಲಿಕಾನ್ ವ್ಯಾಲಿಯ ಸುಮಾರು 200 ಎಳೆಯ ತಂತ್ರಜ್ಞಾನ ಕಂಪನಿಗಳ ಬೆನ್ನುಹತ್ತಿ ನೋಡಿದ್ದರು. ಉದ್ಯೋಗಿಗಳ ಬಗ್ಗೆ ಸಂಸ್ಥಾಪಕರ ಮನಸ್ಸಿನಲ್ಲಿ ಮೊದಲೇ ಇದ್ದ ಚಿತ್ರ, ಅಂದರೆ ಅವರನ್ನು ಏನು ಹೇಳಿ ಸೇರಿಸಿಕೊಂಡರು, ಹೇಗೆ ಆರಿಸಿದರು, ಯಾವುದರಿಂದ ಹಿಡಿದಿಟ್ಟರು ಎಂಬುದು, ಕಂಪನಿಯ ಮುಂದಿನ ಬದುಕಿನ ಮೇಲೆ ಅಚ್ಚೊತ್ತುತ್ತದೆ ಎಂದು ಅವರು ಕಂಡುಕೊಂಡರು. ಆ ಮೂಲ ಚಿತ್ರವನ್ನು ನಡುವೆ ಬದಲಿಸಿದ ಕಂಪನಿಗಳಲ್ಲಿ ಉದ್ಯೋಗಿಗಳು ಬಿಟ್ಟುಹೋಗುವುದು ಹೆಚ್ಚಿತು, ಮುಚ್ಚಿಹೋಗುವ ಅಪಾಯವೂ ಹೆಚ್ಚಿತು. ಹೋಗುವವರಲ್ಲಿ ಹಳಬರೇ ಮುಂದು. ಪರಸ್ಪರ ಬದ್ಧತೆಯ ಮೇಲೆ ಕಟ್ಟಿದ ಕಂಪನಿಗಳು ವಿಫಲವಾದದ್ದು ಕಡಿಮೆ. ಅವುಗಳಿಗೆ ಮುಂದೆ ಬೇಕಾದ ಮ್ಯಾನೇಜರ್‌ಗಳು ಮತ್ತು ಆಡಳಿತ ಸಿಬ್ಬಂದಿಯೂ ಕಡಿಮೆ.

ಇದನ್ನು ಓದಿ ನಾನು ಹೆದರಿದ್ದು ನಿಜ. ನಾನು ಮಾಡುತ್ತಿದ್ದುದು ಆ ಬದಲಾವಣೆಯನ್ನೇ ಅಲ್ಲವೇ? ಹಲವು ದಿನ ಯೋಚಿಸಿ ಒಂದು ನಿಲುವಿಗೆ ಬಂದೆ. ಒಪ್ಪಂದವನ್ನು ಬರೆದಿಡುವುದು ಬೇರೆ, ಒಪ್ಪಂದವನ್ನು ಬದಲಿಸುವುದು ಬೇರೆ. ಹೊಸಬರಿಗಾಗಿ ನಾವು ಮಾಡಿದ್ದು ಮೊದಲನೆಯದು. ಮೊದಲ ಎಂಜಿನಿಯರ್‌ಗೆ ತಿಳಿಯದೆ ಮಾಡಿಬಿಟ್ಟದ್ದು ಎರಡನೆಯದು. ಹಂತಗಳನ್ನು ಬರೆಯುವ ಮೊದಲು ಅವರ ಜೊತೆ, ಅವರಂಥ ಏಳೆಂಟು ಜನರ ಜೊತೆ ಒಂದು ಮಧ್ಯಾಹ್ನ ಕುಳಿತಿದ್ದರೆ ಆ ಹಾಳೆಯಲ್ಲಿ ಅವರಿಗೂ ಜಾಗ ಇರುತ್ತಿತ್ತು.

ಎಲ್ಲ ನಿಯಮವೂ ಉಳಿಯಲಿಲ್ಲ. ಖರ್ಚಿಗೆ ಮೂರು ಸಹಿ ಎಂಬ ನಿಯಮ ಮಾಡಿದ್ದೆವು. ಒಂದು ರಾತ್ರಿ ಗ್ರಾಹಕರ ವ್ಯವಸ್ಥೆ ನಿಂತುಹೋಗಿ, ಹೆಚ್ಚುವರಿ ಸರ್ವರ್ ಕೊಳ್ಳಲು ಮೂರನೆಯ ಸಹಿಗಾಗಿ ಎರಡು ಗಂಟೆ ಕಾಯಬೇಕಾಯಿತು. ಮರುದಿನವೇ ಅದನ್ನು ತೆಗೆದೆವು. ಆಮೇಲೆ ಪ್ರತಿ ನಿಯಮದ ಕೆಳಗೂ ಎರಡು ಸಾಲು ಕಡ್ಡಾಯವಾಯಿತು: ಇದರ ಹೊಣೆ ಯಾರದ್ದು, ಇದನ್ನು ಮತ್ತೆ ಪರಿಶೀಲಿಸುವ ದಿನಾಂಕ ಯಾವುದು. ಆ ದಿನ ಬಂದಾಗ ಯಾರೂ ಅದರ ಪರ ಮಾತಾಡದಿದ್ದರೆ ನಿಯಮ ತಾನಾಗಿ ಬಿದ್ದುಹೋಗುತ್ತದೆ.

ಮೌಲ್ಯಮಾಪನಕ್ಕೆ ಮತ್ತೆ ಕೈಹಚ್ಚಿದ್ದು ಎರಡು ವರ್ಷದ ನಂತರ. ಈ ಸಲ ಅಂಕಗಳಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಮಾತುಕತೆ. ಅಂದು ಮೂರು ಅಂಕದ ಪತ್ರ ಹಿಡಿದು ಬಂದಿದ್ದ ಎಂಜಿನಿಯರ್ ಕೇಳಿದ್ದ ಪ್ರಶ್ನೆಯೇ ಅದರ ಮೊದಲ ಸಾಲು: ಮುಂದೆ ಯಾವುದನ್ನು ಬೇರೆ ರೀತಿ ಮಾಡಬೇಕು? ಸಂಬಳದ ಮಾತು ಬೇರೆ ತಿಂಗಳಲ್ಲಿ, ಬೇರೆ ಸಭೆಯಲ್ಲಿ. ಬಡ್ತಿಯ ನಿರ್ಧಾರವನ್ನು ಒಬ್ಬ ಮ್ಯಾನೇಜರ್ ತೆಗೆದುಕೊಳ್ಳುವಂತಿಲ್ಲ. ಎಲ್ಲ ಮ್ಯಾನೇಜರ್‌ಗಳೂ ಒಟ್ಟಿಗೆ ಕುಳಿತು, ಕೆಲಸದ ಉದಾಹರಣೆಗಳನ್ನು ಮುಂದಿಟ್ಟು, ಒಬ್ಬರ ಅಳತೆಗೋಲನ್ನು ಇನ್ನೊಬ್ಬರದಕ್ಕೆ ಹೊಂದಿಸುತ್ತಾರೆ. ಆ ಸಭೆಗಳು ಉದ್ದ, ಆಯಾಸ ತರುವಂಥವು. ಅವನ್ನು ಚಿಕ್ಕದು ಮಾಡಬೇಕೆಂಬ ಒತ್ತಾಯಕ್ಕೆ ನಾನು ಒಪ್ಪಿಲ್ಲ.

ಇಷ್ಟೆಲ್ಲ ಮಾಡಿದ್ದರಿಂದ ಕಂಪನಿ ಹೆಚ್ಚು ಲಾಭ ಗಳಿಸಿತೇ ಎಂದು ಹೂಡಿಕೆದಾರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಾರ್ಕ್ ಹ್ಯೂಸೆಲಿಡ್ 1995ರಲ್ಲಿ ಅಮೆರಿಕದ ಸಾವಿರದಷ್ಟು ಕಂಪನಿಗಳನ್ನು ಅಧ್ಯಯನ ಮಾಡಿ, ಇಂಥ ಪದ್ಧತಿಗಳು ಒಟ್ಟಾಗಿ ಇರುವ ಕಡೆ ಉದ್ಯೋಗಿಗಳು ಬಿಟ್ಟುಹೋಗುವುದು ಕಡಿಮೆ, ಉತ್ಪಾದಕತೆ ಮತ್ತು ಹಣಕಾಸಿನ ಸಾಧನೆ ಹೆಚ್ಚು ಎಂದು ತೋರಿಸಿದ್ದರು. ಅದನ್ನು ತೋರಿಸಿ ನಾನು ಗೆದ್ದು ಬರಬಹುದಿತ್ತು. ಆದರೆ ಪ್ಯಾಟ್ರಿಕ್ ರೈಟ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಎತ್ತಿದ ಪ್ರಶ್ನೆಯೂ ನನಗೆ ತಿಳಿದಿತ್ತು: ಈ ಪದ್ಧತಿಗಳಿಗೂ ಮುಂದಿನ ಸಾಧನೆಗೂ ಇರುವಷ್ಟೇ ನಂಟು ಹಿಂದಿನ ಸಾಧನೆಗೂ ಇದೆ. ಚೆನ್ನಾಗಿ ನಡೆಯುವ ಕಂಪನಿಗೆ ಇವನ್ನೆಲ್ಲ ಮಾಡಲು ಹಣವೂ ಬಿಡುವೂ ಇರುತ್ತವೆ. ಹಾಗಾಗಿ ಲಾಭದ ಶ್ರೇಯವನ್ನು ನಾನು ಪಡೆಯಲಿಲ್ಲ. ನಾನು ತೋರಿಸಿದ್ದು ಎರಡು ಕ್ಯಾಲೆಂಡರ್‌ಗಳನ್ನು, ಮೂರು ವರ್ಷದ ಹಿಂದಿನದು ಮತ್ತು ಈಗಿನದು. ಸಂಸ್ಥಾಪಕರ ತಿಂಗಳಲ್ಲಿ ಬಣ್ಣ ಹಚ್ಚಿದ ಭಾಗ ಒಂದು ಅಂಚಿಗೆ ಸರಿದಿತ್ತು. ಸೇರಿದ ಮೊದಲ ವರ್ಷದಲ್ಲೇ ಬಿಟ್ಟುಹೋದವರ ಪಟ್ಟಿಯನ್ನೂ ತೋರಿಸಿದೆ. ಹಿಂದೆ ಅದು ಒಂದು ಪುಟ ತುಂಬಿತ್ತು; ಈಗ ಅದರಲ್ಲಿ ನಾಲ್ಕು ಸಾಲು.

ಕಳೆದ ತಿಂಗಳು 163ನೆಯ ಉದ್ಯೋಗಿ ತಮ್ಮ 90 ದಿನ ಮುಗಿಸಿ ಹಾಳೆಯನ್ನು ಹಿಂದಿರುಗಿಸಿದರು. ಹೆಚ್ಚಿನ ತಿದ್ದುಪಡಿಗಳಿರಲಿಲ್ಲ. ಸಂಕ್ಷಿಪ್ತ ಪದಗಳ ಪಟ್ಟಿಗೆ ಎರಡು ಸೇರಿಸಿದ್ದರು. ‘ಯಾವ ಪ್ರಶ್ನೆಗೆ ಯಾರು’ ಎಂಬ ಭಾಗದಲ್ಲಿ, ರಜೆ ಮತ್ತು ಸಂಬಳದ ಸಾಲಿನಲ್ಲಿದ್ದ ನನ್ನ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: ‘ಇವರು ಈಗ ಈ ಕೆಲಸ ನೋಡುತ್ತಿಲ್ಲ. ನಾನು ಕೇಳಿದಾಗ ಉತ್ತರ ಕೊಟ್ಟವರು ಬೇರೆಯವರು.’ ಉತ್ತರ ಕೊಟ್ಟವರ ಹೆಸರು ಕೆಳಗಿತ್ತು. ಅದು ಸರಿಯಾಗಿಯೇ ಇತ್ತು. ಹಾಳೆಯನ್ನು 164ನೆಯವರಿಗೆ ಕಳುಹಿಸಿದೆ.